ಕೆಲಸ ಕಲಿತ ಹುಡುಗರು ನಿಲ್ಲುತ್ತಿಲ್ಲ, ಬಾಂಡ್ ಬರೆಸಿಕೊಳ್ಳುವುದು ಸರಿಯೇ?

ತುಂಗಕ್ಕ:
ಶಿವಮೊಗ್ಗದ ಮಾಚೇನಹಳ್ಳಿಯಲ್ಲಿ ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಎಚ್‌ಆರ್ ಕೆಲಸ ನನ್ನದು. ಹೊಸನಗರ, ಸಾಗರ ಕಡೆಯ ಐಟಿಐ ಹುಡುಗರು ಬರುತ್ತಾರೆ. ಮೋಲ್ಡಿಂಗ್, ಫರ್ನೇಸ್ ಎಲ್ಲ ಚೆನ್ನಾಗಿ ಕಲಿಯುತ್ತಾರೆ. ಕೈ ಪಳಗಿತು ಅನ್ನುವಷ್ಟರಲ್ಲಿ ಬೆಂಗಳೂರಿಗೆ ಹೊರಟುಬಿಡುತ್ತಾರೆ. ಹೋದ ವರ್ಷ ಸಂಬಳ ಏರಿಸಿದೆವು, ಹಾಜರಾತಿ ಬೋನಸ್ಸೂ ಕೊಟ್ಟೆವು. ಹೋಗುವವರು ಹೋದರು. ಈಗ ಮಾಲೀಕರು, ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ, ಹೋದರೆ ದುಡ್ಡು ಕಟ್ಟುತ್ತೇನೆ ಅಂತ ಬಾಂಡ್ ಬರೆಸಿಕೊಳ್ಳಿ ಅನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಿಮ್ಮಲ್ಲಿ ಏನು ಮಾಡುತ್ತೀರಿ?

ಆಗುಂಬೆ ಮಳೆ:
ಅಕ್ಕಾ, ಹಾಗೆ ಬಿಟ್ಟು ಬಂದವರಲ್ಲಿ ನಾನೂ ಒಬ್ಬ. ಈಗ ಪೀಣ್ಯದಲ್ಲಿದ್ದೇನೆ. ಬಾಡಿಗೆ, ಊಟ ಕಳೆದರೆ ಕೈಗೆ ಉಳಿಯುವುದು ಊರಿನಲ್ಲಿ ಸಿಗುತ್ತಿದ್ದದ್ದಕ್ಕಿಂತ ಜಾಸ್ತಿಯೇನಲ್ಲ. ಆದರೂ ಬಂದೆ. ಊರಿನ ಫೌಂಡ್ರಿಯಲ್ಲಿ ನಮ್ಮ ಶಿಫ್ಟಿನಲ್ಲಿ ಫೆಟ್ಲಿಂಗ್, ಅಂದರೆ ಎರಕದ ತುಂಡಿನ ಅಂಚು ಉಜ್ಜಿ ಚೊಕ್ಕ ಮಾಡುವ ಕೆಲಸದ ಹಿರಿಯರೊಬ್ಬರಿದ್ದರು. ಆ ತುಂಡನ್ನು (ಕಾಸ್ಟಿಂಗ್) ಎತ್ತಿ ಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಸದ್ದು ಕೇಳಿಯೇ ಬಿರುಕು ಬಿಟ್ಟಿದೆ, ಪಕ್ಕಕ್ಕಿಡು ಅನ್ನುತ್ತಿದ್ದರು. ಅಂಥವರ ಗೇಟ್ ಪಾಸಿನಲ್ಲಿ ಕೊನೆವರೆಗೂ ‘ಹೆಲ್ಪರ್’ ಅಂತಲೇ ಇತ್ತು. ವರ್ಷಕ್ಕೊಮ್ಮೆ ತುಂಬುವ ಫಾರಂನಲ್ಲಿ ಅವರಿಗೂ ‘ಉತ್ತಮ’, ನಿನ್ನೆ ಸೇರಿದವನಿಗೂ ‘ಉತ್ತಮ’. ಅದನ್ನು ನೋಡಿದ ಮೇಲೆ ನಾನು ಯಾಕೆ ಇರಬೇಕು ಹೇಳಿ?

ಇಲ್ಲಿ ಗೋಡೆಗೆ ಒಂದು ಚಾರ್ಟ್ ಹಾಕಿದ್ದಾರೆ. ಯಾರಿಗೆ ಯಾವ ಮಷಿನ್ ಬರುತ್ತದೆ, ಇನ್ನೇನು ಕಲಿತರೆ ಯಾವ ಗ್ರೇಡ್, ಗ್ರೇಡ್ ಏರಿದರೆ ಎಷ್ಟು ಹೆಚ್ಚು, ಎಲ್ಲ ಕಣ್ಣೆದುರಿಗೇ ಇದೆ.

ಭದ್ರಾವತಿಯವ:
ಜನ ಕೆಲಸದಲ್ಲಿ ಯಾಕೆ ಉಳಿಯುತ್ತಾರೆ ಅನ್ನುವುದನ್ನು ಜಾನ್ ಮೇಯರ್, ನಟಾಲಿ ಅಲೆನ್ ಅನ್ನುವ ಸಂಶೋಧಕರು 1991ರಲ್ಲಿ ಮೂರು ಬಗೆ ಮಾಡಿ ಹೇಳಿದರು. ಇಷ್ಟಪಟ್ಟು ಉಳಿಯುವುದು, ಬಿಟ್ಟರೆ ನಷ್ಟ ಅಂತ ಉಳಿಯುವುದು, ಋಣ ಇದೆ ಅಂತ ಉಳಿಯುವುದು. ನಮ್ಮೂರಿನ ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ ಎಲ್ಲ ಕೊಟ್ಟಿತ್ತು. ಹಳಬರ ಮಾತಿನಲ್ಲಿ ಆ ಋಣ ಇವತ್ತಿಗೂ ಕೇಳಿಸುತ್ತದೆ. ಬಾಂಡಿನಿಂದ ಸಿಗುವುದು ಎರಡನೆಯದು ಮಾತ್ರ. ಹುಡುಗ ಇರುತ್ತಾನೆ, ಅವಧಿ ಮುಗಿಯುವ ದಿನ ಎಣಿಸುತ್ತಾ ಇರುತ್ತಾನೆ. ದಯವಿಟ್ಟು ಬೇಡ.

ಇನ್ನೊಂದು ಮಾತು. ಅಡಿಕೆ ಕೊಯ್ಲಿಗೆ ರಜೆ ಕೇಳಿದರೆ ಮುಖ ಸಿಂಡರಿಸಬೇಡಿ. ತೋಟದಲ್ಲಿ ಗೊನೆ ಇಳಿಸುವಾಗ ಮನೆಗೆ ಮಗ ಬೇಕೇ ಬೇಕು. ನಾನಿದ್ದ ಕಡೆ ಯಾರು ಯಾವ ವಾರ ಹೋಗುತ್ತಾರೆ ಅಂತ ದಸರಾ ಹೊತ್ತಿಗೇ ಬರೆದಿಡುತ್ತಿದ್ದೆವು. ಹೇಳದೆ ಕೇಳದೆ ಗೈರಾಗುವುದು ಬಹಳ ಕಡಿಮೆಯಾಯಿತು.

ತುಂಗಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಕೊಯ್ಲಿನ ಪಟ್ಟಿ ಈ ವರ್ಷವೇ ಶುರು ಮಾಡುತ್ತೇನೆ. ತಮ್ಮಾ, ಆ ಗ್ರೇಡ್ ಕೊಡುವುದು ಸೂಪರ್‌ವೈಸರ್ ಒಬ್ಬರೇನಾ? ಹಾಗಾದರೆ ಅವರಿಗೆ ಬೇಕಾದವರಿಗೇ ಸಿಗುತ್ತದೆ ಅನ್ನುವ ಮಾತು ಬರುತ್ತದೆ, ಅಲ್ವಾ?

ಆಗುಂಬೆ ಮಳೆ:
ಇಲ್ಲ ಅಕ್ಕಾ, ಕ್ವಾಲಿಟಿಯವರೂ ಜೊತೆಗಿರುತ್ತಾರೆ. ಎದುರಿಗೇ ಕೆಲಸ ಮಾಡಿಸಿ ನೋಡುತ್ತಾರೆ. ಪಾಸಾಗದಿದ್ದರೆ ಎಲ್ಲಿ ತಪ್ಪಿತು ಅಂತ ಅಲ್ಲೇ ತೋರಿಸಿ, ಇನ್ನೊಮ್ಮೆ ಯಾವಾಗ ಅಂತ ತಾರೀಖು ಕೊಡುತ್ತಾರೆ. ಚಾರ್ಟಿನ ಫೋಟೋ ತೆಗೆಯಬಹುದಾ ಅಂತ ಕೇಳಿ ನೋಡುತ್ತೇನೆ.