ಐಇಎಲ್‌ಟಿಎಸ್ ಬರವಣಿಗೆ: ಅಪರಾಧ ವಿಷಯದ ಇಂಗ್ಲಿಷ್ ಪದಗಳನ್ನು ಕಲಿಯುವುದು ಹೇಗೆ?

ಪ್ರಶ್ನೆ: ತುಂಗಾತೀರ

ನಮಸ್ಕಾರ. ಇಂಗ್ಲಿಷ್ ಭಾಷಾ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಗೆ ಇನ್ನು ಆರು ವಾರ ಇದೆ. ಬರವಣಿಗೆಯಲ್ಲಿ ಈಗ 9ಕ್ಕೆ 6ರ ಆಸುಪಾಸು ಬರುತ್ತಿದೆ, 7 ಬೇಕು. ಶಿಕ್ಷಣ, ಪರಿಸರ, ಆರೋಗ್ಯ ಇಂಥ ವಿಷಯ ಬಂದರೆ ನಿಭಾಯಿಸಬಹುದು. ಅಪರಾಧ, ಶಿಕ್ಷೆ ಅಂತ ಬಂದರೆ ‘ಕ್ರೈಮ್’, ‘ಕ್ರಿಮಿನಲ್’, ‘ಪನಿಶ್‌ಮೆಂಟ್’ ಈ ಮೂರೇ ಪದ ಸುತ್ತಿ ಸುತ್ತಿ ಬರುತ್ತವೆ. ನೆಟ್‌ನಲ್ಲಿ ಸಿಕ್ಕ 200 ಪದಗಳ ಪಟ್ಟಿಯನ್ನು ಕನ್ನಡ ಅರ್ಥದ ಜೊತೆ ಬರೆದುಕೊಂಡಿದ್ದೇನೆ. ಅರ್ಥ ಕೇಳಿದರೆ ಹೇಳಬಲ್ಲೆ, ಪ್ರಬಂಧದಲ್ಲಿ ಹಾಕಲು ಹೋದರೆ ತಪ್ಪುತ್ತದೆ. ಎಷ್ಟು ಪದ ಸಾಕು? ಯಾವ ಕ್ರಮದಲ್ಲಿ ಕಲಿಯಬೇಕು? ‘ಥೆಫ್ಟ್’, ‘ರಾಬರಿ’, ‘ಬರ್ಗ್ಲರಿ’ ಮೂರಕ್ಕೂ ಕಳ್ಳತನ ಎಂದೇ ಬರೆದುಕೊಂಡಿದ್ದೇನೆ, ಆ ವ್ಯತ್ಯಾಸ ನಿಜಕ್ಕೂ ಮುಖ್ಯವೇ?

ಉತ್ತರ: ಸಂಜೆಪಾಠ

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ವ್ಯತ್ಯಾಸ ಮುಖ್ಯ. ಅದನ್ನು ಹಿಡಿಯಲು ಕನ್ನಡವೇ ಸಾಕು, ನೀವು ಆರಿಸಿಕೊಂಡ ಕನ್ನಡ ಪದ ತೀರಾ ಅಗಲವಾಯಿತು ಅಷ್ಟೆ. ‘ಸ್ಟೀಲ್’ (ಇದರ ನಾಮಪದವೇ ‘ಥೆಫ್ಟ್’) ಎಂದರೆ ಕದಿ; ಅದರ ಕರ್ಮ ವಸ್ತು: ಫೋನು, ಚಿನ್ನ, ದುಡ್ಡು. ‘ರಾಬ್’ ಎಂದರೆ ಬೆದರಿಸಿಯೋ ಹೊಡೆದೋ ಸುಲಿಗೆ ಮಾಡು. ಅದರ ಕರ್ಮ ಮನುಷ್ಯ, ಬ್ಯಾಂಕು, ಅಂಗಡಿ. ‘ಬರ್ಗಲ್’ ಎಂದರೆ ಕನ್ನ ಹಾಕು. ಅದರ ಕರ್ಮ ಮನೆ ಅಥವಾ ಕಟ್ಟಡ. ಕನ್ನಡದಲ್ಲಿ ‘ಬ್ಯಾಂಕ್ ದರೋಡೆ ಮಾಡಿದರು’ ಎನ್ನುತ್ತೇವೆ, ‘ಚಿನ್ನ ದರೋಡೆ ಮಾಡಿದರು’ ಎಂದೂ ಎನ್ನುತ್ತೇವೆ, ಎರಡೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ದೇ ರಾಬ್ಡ್ ದ ಗೋಲ್ಡ್’ ನಡೆಯುವುದಿಲ್ಲ. ‘ದೇ ರಾಬ್ಡ್ ದ ಬ್ಯಾಂಕ್ ಅಂಡ್ ಸ್ಟೋಲ್ ದ ಗೋಲ್ಡ್’ ಆಗಬೇಕು.

ನಿಮ್ಮ ಪಟ್ಟಿ ಕೈಕೊಡುತ್ತಿರುವುದೂ ಇಲ್ಲೇ. ನಮ್ಮ ಒಂದೊಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದಗಳಿವೆ. ‘ವಿಚಾರಣೆ’ಯನ್ನೇ ನೋಡಿ. ಠಾಣೆಯಲ್ಲಿ ಪೊಲೀಸರು ಕೂರಿಸಿ ಕೇಳಿದರೆ ‘ಕ್ವೆಶ್ಚನಿಂಗ್’, ಕೋರ್ಟಿನಲ್ಲಿ ಇಡೀ ಮೊಕದ್ದಮೆ ನಡೆದರೆ ‘ಟ್ರಯಲ್’, ಆವತ್ತಿನ ದಿನದ ಕಲಾಪ ‘ಹಿಯರಿಂಗ್’, ಆಯೋಗ ನಡೆಸಿದರೆ ‘ಇನ್‌ಕ್ವೈರಿ’. ‘ಶಿಕ್ಷೆ’ಯೂ ಹಾಗೆಯೇ: ಒಟ್ಟಾರೆ ಅರ್ಥದಲ್ಲಿ ‘ಪನಿಶ್‌ಮೆಂಟ್’, ನ್ಯಾಯಾಧೀಶರು ವಿಧಿಸಿದ್ದು ‘ಸೆಂಟೆನ್ಸ್’, ದುಡ್ಡಿನ ರೂಪದ್ದು ‘ಫೈನ್’. ಶಿಕ್ಷೆ ಅನುಭವಿಸು ಎನ್ನುವುದಕ್ಕೆ ‘ಎಕ್ಸ್‌ಪೀರಿಯನ್ಸ್’ ಎಂದು ಬರೆಯುವವರು ಬಹಳ ಮಂದಿ. ಅದು ‘ಸರ್ವ್ ಎ ಸೆಂಟೆನ್ಸ್’. ಅಪರಾಧ ಮಾಡು ಎಂದರೆ ‘ಡೂ’ ಅಲ್ಲ, ‘ಕಮಿಟ್’. ಪೊಲೀಸರಿಗೆ ಕಂಪ್ಲೇಂಟ್ ಕೊಡು ಎಂದರೆ ‘ಗಿವ್ ಕಂಪ್ಲೇಂಟ್’ ಅಲ್ಲ, ‘ರಿಪೋರ್ಟ್ ಎ ಕ್ರೈಮ್ ಟು ದ ಪೊಲೀಸ್’.

ಆದ್ದರಿಂದ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಅದರ ಹಿಂದೆ ಮುಂದೆ ಬರುವ ಪದಗಳ ಸಮೇತ ಬರೆದುಕೊಳ್ಳಿ. ಕಾರ್ಡಿನ ಒಂದು ಬದಿಯಲ್ಲಿ ಕನ್ನಡ ಪದವಲ್ಲ, ಒಂದು ಕನ್ನಡ ವಾಕ್ಯ: ‘ಅವನ ಮೇಲೆ ವಂಚನೆಯ ದೋಷಾರೋಪ ಹೊರಿಸಲಾಯಿತು’. ಹಿಂಬದಿಯಲ್ಲಿ ‘ಹೀ ವಾಸ್ ಚಾರ್ಜ್ಡ್ ವಿತ್ ಫ್ರಾಡ್’. ಕನ್ನಡದ ಬದಿ ನೋಡಿ ಇಂಗ್ಲಿಷ್ ವಾಕ್ಯವನ್ನು ಕೈಯಲ್ಲಿ ಬರೆಯಬೇಕು. ಇಂಗ್ಲಿಷ್ ನೋಡಿ ಅರ್ಥ ಹೇಳುವ ಅಭ್ಯಾಸದಿಂದ ಓದುವ ಪತ್ರಿಕೆಗೆ ಲಾಭವೇ ಹೊರತು ಬರವಣಿಗೆಗೆ ಅಲ್ಲ. ನಿಮಗೆ ಅರ್ಥ ಬಂದರೂ ಬಳಕೆ ಬರದಿರುವುದು ಇದಕ್ಕೇ.

ಕ್ರಮದ ಬಗ್ಗೆ: ವರ್ಣಮಾಲೆ ಬಿಡಿ, ಒಂದು ಕೇಸು ಸಾಗುವ ದಾರಿಯನ್ನೇ ಹಿಡಿಯಿರಿ. ಶಂಕಿತ ‘ಸಸ್ಪೆಕ್ಟ್’. ಅವನು ‘ಅಕ್ಯೂಸ್ಡ್ ಆಫ್’, ಆಮೇಲೆ ‘ಅರೆಸ್ಟೆಡ್ ಫಾರ್’, ‘ಚಾರ್ಜ್ಡ್ ವಿತ್’, ‘ಟ್ರೈಡ್ ಫಾರ್’. ತಪ್ಪಿತಸ್ಥ ಎಂದಾದರೆ ‘ಕನ್ವಿಕ್ಟೆಡ್ ಆಫ್’, ಖುಲಾಸೆಯಾದರೆ ‘ಅಕ್ವಿಟೆಡ್ ಆಫ್’. ಆಮೇಲೆ ‘ಸೆಂಟೆನ್ಸ್ಡ್ ಟು’, ಕೊನೆಗೆ ‘ರಿಲೀಸ್ಡ್ ಫ್ರಮ್ ಪ್ರಿಸನ್’. ಮತ್ತೆ ಅಪರಾಧ ಮಾಡಿದರೆ ‘ರೀಅಫೆಂಡ್’. ಈ ಸಾಲಿನಲ್ಲಿ ‘ವಿತ್’ ಬರುವುದು ‘ಚಾರ್ಜ್’ಗೆ ಮಾತ್ರ. ‘ಸೆಂಟೆನ್ಸ್ಡ್ ಟು’ ಮುಂದೆ ಶಿಕ್ಷೆಯ ಹೆಸರು ಬರಬೇಕು (‘ಫೈವ್ ಇಯರ್ಸ್ ಇನ್ ಪ್ರಿಸನ್’), ‘ಕನ್ವಿಕ್ಟೆಡ್ ಆಫ್’ ಮುಂದೆ ಅಪರಾಧದ ಹೆಸರು. ಆರೋಪಿ ಬೇರೆ, ಅಪರಾಧಿ ಬೇರೆ ಎಂಬುದು ಕನ್ನಡ ಪತ್ರಿಕೆ ಓದುವವರಿಗೆ ಗೊತ್ತೇ ಇದೆ. ಆ ಎಚ್ಚರವನ್ನು ಇಂಗ್ಲಿಷಿಗೂ ತನ್ನಿ. ತೀರ್ಪು ಬರುವ ಮೊದಲೇ ‘ಕ್ರಿಮಿನಲ್’ ಎಂದು ಬರೆದರೆ ಅರ್ಥವೇ ಕೆಡುತ್ತದೆ.

ಈ ದಾರಿ ಗಟ್ಟಿಯಾದ ಮೇಲೆ ವಾದಕ್ಕೆ ಬೇಕಾದ ಪದಗಳು. ಬರವಣಿಗೆಯ ಎರಡನೇ ಟಾಸ್ಕ್‌ನಲ್ಲಿ, ಅಂದರೆ ಪ್ರಬಂಧದಲ್ಲಿ, ಕಥೆ ಕೇಳುವುದಿಲ್ಲ, ನಿಲುವು ಕೇಳುತ್ತಾರೆ: ಜನ ಯಾಕೆ ಅಪರಾಧಕ್ಕೆ ಇಳಿಯುತ್ತಾರೆ, ಜೈಲು ತಡೆಯುತ್ತದೆಯೇ, ಜೈಲಲ್ಲದೆ ಬೇರೇನು. ಅದಕ್ಕೆ ‘ಟ್ಯಾಕಲ್ ದ ರೂಟ್ ಕಾಸಸ್ ಆಫ್ ಕ್ರೈಮ್’, ‘ಆಕ್ಟ್ ಆ್ಯಸ್ ಎ ಡಿಟೆರೆಂಟ್’ (ಹೆದರಿಸಿ ತಡೆಯುವಂತಿರು), ‘ಡಿಟರ್ ಪೀಪಲ್ ಫ್ರಮ್’, ‘ರಿಹ್ಯಾಬಿಲಿಟೇಟ್ ಅಫೆಂಡರ್ಸ್’ (ಅಪರಾಧ ಎಸಗಿದವರನ್ನು ಸುಧಾರಿಸು), ‘ಫಸ್ಟ್-ಟೈಮ್ ಅಫೆಂಡರ್’, ‘ಪೆಟ್ಟಿ ಕ್ರೈಮ್’ (ಸಣ್ಣಪುಟ್ಟ ಅಪರಾಧ), ‘ಕಮ್ಯುನಿಟಿ ಸರ್ವಿಸ್’, ‘ಲಾ-ಅಬೈಡಿಂಗ್ ಸಿಟಿಜನ್ಸ್’ ಇಂಥವು. ‘ಅಫೆಂಡರ್’ ಒಂದನ್ನೇ ಸರಿಯಾಗಿ ಬಳಸಿದರೂ ‘ಕ್ರಿಮಿನಲ್’ ಎಂಬುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎಷ್ಟು ಸಾಕು? 35ರಿಂದ 40 ಪದಗುಚ್ಛ. ದಿನಕ್ಕೆ ಆರರಂತೆ ಒಂದು ವಾರ. ಪ್ರತಿ ಕಾರ್ಡನ್ನು ಮರುದಿನ, ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ ಮತ್ತೆ ಬರೆಯಿರಿ. 40 ನಿಮಿಷದಲ್ಲಿ ಬರೆಯುವ 260-280 ಪದಗಳ ಪ್ರಬಂಧದಲ್ಲಿ ಇಂಥ ಆರೇಳು ಗುಚ್ಛ ಸರಿಯಾಗಿ ಕೂತರೆ ಧಾರಾಳವಾಯಿತು. ಪದಸಂಪತ್ತಿಗೆ ಇರುವುದು ಪ್ರಬಂಧದ ಒಟ್ಟು ಅಂಕದ ಕಾಲು ಭಾಗ. ಉಳಿದದ್ದು ಪ್ರಶ್ನೆಗೆ ಕೊಟ್ಟ ಉತ್ತರ, ಹೊಂದಾಣಿಕೆ ಮತ್ತು ವ್ಯಾಕರಣಕ್ಕೆ ಸಮನಾಗಿ ಹಂಚಿಹೋಗುತ್ತದೆ. ಹದಿನೈದು ದೊಡ್ಡ ಪದ ತುರುಕಿ ನಾಲ್ಕನ್ನು ತಪ್ಪಿದರೆ ನಷ್ಟವೇ.

ಉತ್ತರ: ಕಡಲತಡಿ

ಸಂಜೆಪಾಠ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಈ ವಿಷಯದಲ್ಲಿ ನಮ್ಮವರು ಜಾರುವುದು ಕನ್ನಡದಿಂದ ಮಾತ್ರವಲ್ಲ, ನಮ್ಮ ಇಂಗ್ಲಿಷ್ ಪತ್ರಿಕೆಗಳಿಂದಲೂ. ‘ಈವ್ ಟೀಸಿಂಗ್’, ‘ಹಿಸ್ಟರಿ ಶೀಟರ್’, ‘ಮಿಸ್‌ಕ್ರಿಯಂಟ್ಸ್’, ‘ಆ್ಯಂಟಿ-ಸೋಶಿಯಲ್ ಎಲಿಮೆಂಟ್ಸ್’, ‘ನ್ಯಾಬ್ಡ್’ ಎಲ್ಲ ದಿನಾ ಕಣ್ಣಿಗೆ ಬೀಳುತ್ತವೆ, ಪ್ರಬಂಧದಲ್ಲಿ ತಾವಾಗಿ ಬಂದುಬಿಡುತ್ತವೆ. ‘ಈವ್ ಟೀಸಿಂಗ್’ ಬದಲು ‘ಸೆಕ್ಷುಯಲ್ ಹರಾಸ್‌ಮೆಂಟ್’ ಬರೆಯಿರಿ. ಅದು ಪರೀಕ್ಷೆಗೂ ಸರಿ, ಆ ಕೃತ್ಯದ ತೂಕಕ್ಕೂ ಸರಿ. ‘ಹಿಸ್ಟರಿ ಶೀಟರ್’ ಬದಲು ‘ರಿಪೀಟ್ ಅಫೆಂಡರ್’. ‘ನ್ಯಾಬ್ಡ್’ ತಲೆಬರಹದ ಭಾಷೆ, ಪ್ರಬಂಧಕ್ಕೆ ‘ಅರೆಸ್ಟೆಡ್’ ಸಾಕು. ‘ವಾಸ್ ಅವಾರ್ಡೆಡ್ ಲೈಫ್ ಇಂಪ್ರಿಸನ್‌ಮೆಂಟ್’ ಎಂದು ನಮ್ಮಲ್ಲಿ ಬರೆಯುತ್ತಾರೆ, ಹೊರಗಿನವರ ಕಿವಿಗೆ ಅದು ಬಹುಮಾನ ಕೊಟ್ಟಂತೆ ಕೇಳುತ್ತದೆ. ‘ವಾಸ್ ಗಿವನ್ ಎ ಲೈಫ್ ಸೆಂಟೆನ್ಸ್’ ಎನ್ನಿ. ‘ಚೀಟಿಂಗ್’ ನಮ್ಮ ಕಾನೂನಿನ ಪದವೇ ಆದರೂ ಬ್ರಿಟನ್ನಿನವರಿಗೆ ಮೊದಲು ಹೊಳೆಯುವುದು ಪರೀಕ್ಷೆಯಲ್ಲಿ ನಕಲು ಹೊಡೆಯುವುದು ಅಥವಾ ಸಂಗಾತಿಗೆ ಮೋಸ ಮಾಡುವುದು. ಹಣದ ವಂಚನೆಗೆ ‘ಫ್ರಾಡ್’.

ಪರ್ಯಾಯ ಪದದ ಆಸೆಗೆ ‘ಫೆಲನ್’ ಹಾಕುವುದೂ ಬೇಡ. ಅದು ಅಮೆರಿಕದ ಕಾನೂನಿನಲ್ಲಿ ನಿರ್ದಿಷ್ಟ ಅರ್ಥವುಳ್ಳ ಪದ. ಗಂಭೀರ ಅಪರಾಧಗಳನ್ನು ‘ಫೆಲನಿ’ ಎಂದು ಬೇರೆ ಮಾಡುವ ವರ್ಗೀಕರಣ ಇಂಗ್ಲೆಂಡಿನಲ್ಲಿ 1967ರಲ್ಲೇ ಹೋಯಿತು. ‘ಕಲ್‌ಪ್ರಿಟ್’ ಕೂಡ ಒಂದು ನಿರ್ದಿಷ್ಟ ಕೃತ್ಯ ಎಸಗಿದವನಿಗೆ, ಅಪರಾಧಿಗಳೆಂಬ ಇಡೀ ವರ್ಗಕ್ಕಲ್ಲ.

ಪದದ ಜೊತೆ ಉದಾಹರಣೆಯನ್ನೂ ಕಟ್ಟಿಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಶಿಕ್ಷೆಯ ಒಂದು ಬಗೆಯಾಗಿ ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಬಾರಿ ತಪ್ಪಿತಸ್ಥನಾದವನು ಅದನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಅವನಿಗೆ ಅದೇ ಶಿಕ್ಷೆ. ‘ಜೈಲಿಗೆ ಪರ್ಯಾಯಗಳು’ ಎಂಬ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ? ‘ಪೆಟ್ಟಿ ಥೆಫ್ಟ್’, ‘ಫಸ್ಟ್-ಟೈಮ್ ಅಫೆಂಡರ್’, ‘ಕಮ್ಯುನಿಟಿ ಸರ್ವಿಸ್’ ಮೂರೂ ಒಂದೇ ವಾಕ್ಯದಲ್ಲಿ ಸಹಜವಾಗಿ ಕೂರುತ್ತವೆ. ಮರಣದಂಡನೆಯ ಪ್ರಶ್ನೆ ಬಂದರೆ ಬ್ರಿಟನ್ 1965ರಲ್ಲಿ ಕೊಲೆಗೆ ಗಲ್ಲು ತಡೆಹಿಡಿದು 1969ರಲ್ಲಿ ಆ ತಡೆಯನ್ನು ಕಾಯಂ ಮಾಡಿದ್ದನ್ನು ಹೇಳಬಹುದು. ಆಗ ನೇಣಿಗೇರಿಸಿದ ಮನುಷ್ಯರಿಗೆ ‘ಹ್ಯಾಂಗ್ಡ್’, ಗೋಡೆಯ ಚಿತ್ರಕ್ಕೆ ‘ಹಂಗ್’.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಸ್ಪೀಕಿಂಗ್‌ನಲ್ಲಿ ಎಫ್‌ಐಆರ್, ‘ಡಿಜಿಟಲ್ ಅರೆಸ್ಟ್’ ಇಂಥ ಮಾತು ಬಂದರೆ ಏನು ಮಾಡುವುದು? ಅವಕ್ಕೆ ಇಂಗ್ಲಿಷ್ ಪದವೇ ಹೊಳೆಯುವುದಿಲ್ಲ.

ಉತ್ತರ: ನುಡಿಗನ್ನಡಿ

ಬಳಸಿ, ಆದರೆ ಅರ್ಧ ವಾಕ್ಯದಲ್ಲಿ ಬಿಡಿಸಿ ಹೇಳಿ. ‘ಡಿಜಿಟಲ್ ಅರೆಸ್ಟ್’ ಎಂದ ತಕ್ಷಣ ‘ವೇರ್ ಸ್ಕ್ಯಾಮರ್ಸ್ ಪ್ರಿಟೆಂಡ್ ಟು ಬಿ ಪೊಲೀಸ್ ಆಫೀಸರ್ಸ್ ಆನ್ ಎ ವಿಡಿಯೋ ಕಾಲ್’ ಎಂದು ಸೇರಿಸಿದರೆ ಸಾಕು. ಹಾಗೆ ಸುತ್ತಿ ಹೇಳುವ ಸಾಮರ್ಥ್ಯಕ್ಕೆ ಮೌಲ್ಯಮಾಪನದಲ್ಲಿ ಬೆಲೆ ಇದೆ. ಆನ್‌ಲೈನ್ ವಂಚನೆಗೆ ‘ಫಾಲ್ ವಿಕ್ಟಿಮ್ ಟು ಎ ಸ್ಕ್ಯಾಮ್’, ‘ಐಡೆಂಟಿಟಿ ಥೆಫ್ಟ್’, ‘ಫಿಶಿಂಗ್’ (ನಕಲಿ ಸಂದೇಶ ಕಳಿಸಿ ಗುಟ್ಟಿನ ವಿವರ ಕದಿಯುವುದು) ಮೂರು ಕಲಿತರೆ ಸ್ಪೀಕಿಂಗ್‌ನ ಮೂರನೇ ಭಾಗದ, ಅಂದರೆ ಚರ್ಚೆಯ, ನಾಲ್ಕೈದು ನಿಮಿಷ ಎದುರಿಸಬಹುದು.

ಉಚ್ಚಾರದಲ್ಲಿ ಈ ವಿಷಯಕ್ಕೇ ಅಂಟಿಕೊಂಡ ಕೆಲವು ತೊಡಕುಗಳಿವೆ. ‘ಸಸ್ಪೆಕ್ಟ್’, ‘ಕನ್ವಿಕ್ಟ್’ ಎರಡೂ ನಾಮಪದವಾದಾಗ ಒತ್ತು ಮೊದಲ ಭಾಗದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ. ನಮ್ಮ ‘ವ’ ಇಂಗ್ಲಿಷಿನ ಎರಡು ಧ್ವನಿಗಳಿಗೂ ನಡುವೆ ನಿಲ್ಲುತ್ತದೆ, ಹಾಗಾಗಿ ‘ವಿಕ್ಟಿಮ್’, ‘ವಯಲೆನ್ಸ್’ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ವಿಟ್ನೆಸ್’ಗೆ ತುಟಿ ದುಂಡಗಾಗಬೇಕು. ‘ರಾಬ್ಡ್’, ‘ಮಗ್ಡ್’ ಒಂದೇ ಉಸಿರಿನ ಪದಗಳು, ‘ರಾಬೆಡ್’ ಅಲ್ಲ. ‘ಅರೆಸ್ಟೆಡ್’ ಟಿ ಧ್ವನಿಯಲ್ಲಿ ಮುಗಿಯುವ ಕ್ರಿಯಾಪದವಾದ್ದರಿಂದ ಅಲ್ಲಿ ಮಾತ್ರ ‘ಎಡ್’ ಪೂರ್ತಿ ಕೇಳಬೇಕು. ಕೊನೆಗೆ ‘ಉ’ ಸೇರಿಸಿ ‘ಕ್ರೈಮು’, ‘ಜೈಲು’ ಎನ್ನುವ ಅಭ್ಯಾಸವನ್ನೂ ಗಮನಿಸಿಕೊಳ್ಳಿ.

ಉತ್ತರ: ಸಂಜೆಪಾಠ

ನುಡಿಗನ್ನಡಿ ಅವರ ಒತ್ತಿನ ಮಾತು ಬಹಳ ಉಪಯುಕ್ತ. ಬಿಟ್ಟುಹೋದ ವ್ಯಾಕರಣ, ಕಾಗುಣಿತ ಸೇರಿಸುತ್ತೇನೆ. ‘ಎವಿಡೆನ್ಸ್’, ‘ವಯಲೆನ್ಸ್’, ‘ಇಂಪ್ರಿಸನ್‌ಮೆಂಟ್’ ಇವಕ್ಕೆ ಬಹುವಚನವಿಲ್ಲ. ‘ಎವಿಡೆನ್ಸಸ್’ ಎಂದು ಬರೆಯುವುದು ನಮ್ಮಲ್ಲಿ ತೀರಾ ಸಾಮಾನ್ಯ ತಪ್ಪು. ‘ದ ಪೊಲೀಸ್’ ಯಾವಾಗಲೂ ಬಹುವಚನ, ಮುಂದೆ ‘ಆರ್’ ಬರಬೇಕು. ಶಿಕ್ಷೆಯಾಗಿ ಜೈಲಿಗೆ ಹೋದರೆ ‘ಗೋ ಟು ಪ್ರಿಸನ್’, ‘ದ’ ಬೇಡ. ಯಾರನ್ನೋ ನೋಡಲು ಆ ಕಟ್ಟಡಕ್ಕೆ ಹೋದರೆ ‘ದ’ ಬೇಕು. ಕಾಗುಣಿತದಲ್ಲಿ ‘ಡಿಟರ್’ಗೆ ಕೊನೆಯಲ್ಲಿ ಒಂದೇ ಆರ್, ‘ಡಿಟೆರೆಂಟ್’ಗೆ ನಡುವೆ ಎರಡು. ‘ಕಮಿಟ್’ಗೆ ಎರಡು ಎಂ, ಒಂದು ಟಿ, ‘ಕಮಿಟೆಡ್’ಗೆ ಟಿ ಕೂಡ ಎರಡು. ‘ಬರ್ಗ್ಲರ್’ ಮುಗಿಯುವುದು ಎ ಆರ್‌ನಿಂದ. ಲಿಸನಿಂಗ್‌ನಲ್ಲಿ ಕಾಗುಣಿತ ತಪ್ಪಿದರೆ ಉತ್ತರವೇ ತಪ್ಪು.

ಮೊದಲ ಟಾಸ್ಕ್‌ನಲ್ಲಿ ಅಪರಾಧದ ಗ್ರಾಫ್ ಬಂದರೆ ‘ದ ನಂಬರ್ ಆಫ್ ಬರ್ಗ್ಲರಿ’ ಎನ್ನಬೇಡಿ, ‘ಬರ್ಗ್ಲರೀಸ್’ ಆಗಬೇಕು. ಏರಿಕೆಗೆ ಕಾರಣ ಊಹಿಸಿ ಬರೆಯಬೇಡಿ. ಅಲ್ಲಿ ಕೇಳುವುದು ಅಂಕಿಯ ವಿವರಣೆ ಮಾತ್ರ.

ತುಂಗಾತೀರ

ಒಂದು ವಾಕ್ಯ ಬರೆದಿದ್ದೇನೆ, ನೋಡಿ ಹೇಳಿ: ‘ಗವರ್ನಮೆಂಟ್ ಶುಡ್ ಗಿವ್ ಸ್ಟ್ರಿಕ್ಟ್ ಪನಿಶ್‌ಮೆಂಟ್ ಟು ಕ್ರಿಮಿನಲ್ಸ್ ಸೋ ದಟ್ ಅದರ್ಸ್ ವಿಲ್ ಫಿಯರ್ ಟು ಡೂ ಕ್ರೈಮ್ಸ್.’

ಉತ್ತರ: ಕಡಲತಡಿ

ಯೋಚನೆ ಸರಿಯಿದೆ, ವಾಕ್ಯ ಮಾತ್ರ ಕನ್ನಡದ್ದು. ಕಾನೂನು ಮಾಡುವುದು ಸರ್ಕಾರ, ಶಿಕ್ಷೆ ವಿಧಿಸುವುದು ನ್ಯಾಯಾಲಯ, ಹಾಗಾಗಿ ಕರ್ತೃ ‘ಕೋರ್ಟ್ಸ್’. ‘ಕಠಿಣ’ ಎಂಬುದು ಕಾನೂನಿಗಾದರೆ ‘ಸ್ಟ್ರಿಕ್ಟ್’, ಶಿಕ್ಷೆಗಾದರೆ ‘ಹಾರ್ಷ್’ ಅಥವಾ ‘ಸಿವಿಯರ್’. ‘ಗಿವ್’ ಬದಲು ‘ಇಂಪೋಸ್’, ಅದರ ಜೊತೆ ‘ಟು’ ಅಲ್ಲ, ‘ಆನ್’. ‘ಹೆದರಿ ಮಾಡದಿರಲಿ’ ಎಂಬ ಇಡೀ ಭಾವವನ್ನು ‘ಡಿಟರ್’ ಒಂದೇ ಪದ ಹೊರುತ್ತದೆ, ಮುಂದೆ ‘ಫ್ರಮ್’, ಆಮೇಲೆ ‘ಇಂಗ್’ ರೂಪ. ಎಲ್ಲ ಸೇರಿಸಿದರೆ: ‘ಕೋರ್ಟ್ಸ್ ಶುಡ್ ಇಂಪೋಸ್ ಹಾರ್ಷರ್ ಸೆಂಟೆನ್ಸಸ್ ಆನ್ ರಿಪೀಟ್ ಅಫೆಂಡರ್ಸ್ ಟು ಡಿಟರ್ ಅದರ್ಸ್ ಫ್ರಮ್ ಕಮಿಟಿಂಗ್ ಸಿಮಿಲರ್ ಕ್ರೈಮ್ಸ್.’ ‘ಎಲ್ಲ ಅಪರಾಧಿಗಳಿಗೂ’ ಎನ್ನುವ ಬದಲು ‘ಮತ್ತೆ ಮತ್ತೆ ಅಪರಾಧ ಮಾಡುವವರಿಗೆ’ ಎಂದು ಕಿರಿದು ಮಾಡಿದ್ದನ್ನು ಗಮನಿಸಿ. ಮುಂದಿನ ಪ್ಯಾರಾದಲ್ಲಿ ಮೊದಲ ಬಾರಿ ತಪ್ಪು ಮಾಡಿದವರಿಗೆ ಸಮುದಾಯ ಸೇವೆ ಎಂದು ವಾದಿಸಲು ಜಾಗ ಉಳಿಯಿತು. ಇದೇ ವಾಕ್ಯವನ್ನು ಬಾಯಿಪಾಠ ಮಾಡಬೇಡಿ, ಇದರ ಜಾಡಿನಲ್ಲಿ ಕುಡಿದು ವಾಹನ ಓಡಿಸುವವರ ಬಗ್ಗೆ ಒಂದು, ಸೈಬರ್ ವಂಚಕರ ಬಗ್ಗೆ ಒಂದು ಬರೆದು ಇಲ್ಲಿ ಹಾಕಿ.