ಮಳೆ ಹಿಡಿದರೆ ಫೈಬರ್ ನೆಟ್ ಹೋಗುತ್ತೆ: ದೋಷ ಎಲ್ಲಿದೆ ಅಂತ ಹುಡುಕೋದು ಹೇಗೆ?

ಹಳ್ಳದಾಚೆ:
ಸಿದ್ದಾಪುರ ತಾಲೂಕಿನ ಒಂದು ಹಳ್ಳಿ. 28 ಮನೆಗೆ ಒಂದೇ ಫೈಬರ್ ಸಾಲು. ಕೇಬಲ್‌ನವರ ಓಎಲ್‌ಟಿ (ಫೈಬರಿಗೆ ಬೆಳಕು ಬಿಡುವ ಯಂತ್ರ) ಇರೋದು 12 ಕಿ.ಮೀ. ದೂರದಲ್ಲಿ. ಮೊದಲು 1:4 ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನು ನಾಲ್ಕಕ್ಕೆ ಹಂಚುವ ಸಾಧನ), ಅಲ್ಲಿಂದ ನಾಲ್ಕು ಕಡೆಗೆ 1:8 ಪೆಟ್ಟಿಗೆಗಳು. ಬೇಸಿಗೆಯಲ್ಲಿ ತೊಂದರೆ ಇಲ್ಲ, ಜೂನ್ ಹಿಡಿದರೆ ವಾರಕ್ಕೆ ಎರಡು ಮೂರು ದಿನ ಮನೆಯ ಮೋಡೆಮ್ ಡಬ್ಬಿಯಲ್ಲಿ ಎಲ್‌ಓಎಸ್ ದೀಪ (ಫೈಬರಿನಲ್ಲಿ ಬೆಳಕು ಬರ್ತಿಲ್ಲ ಅಂತ ತೋರಿಸೋದು) ಕೆಂಪಾಗುತ್ತೆ. ಇಲ್ಲಿ ಮೊಬೈಲ್ ಸಿಗ್ನಲ್ ಸಿಗೋದಿಲ್ಲ, ಎಲ್ಲರ ಫೋನೂ ವೈಫೈ ಮೇಲೇ ನಡೆಯೋದು. ನೆಟ್ ಹೋದ ದಿನ ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರವೂ ಸುಮ್ಮನಾಗುತ್ತೆ, ರಾತ್ರಿ ಆಂಬುಲೆನ್ಸ್‌ಗೆ ಕರೆ ಮಾಡೋಕೂ ಆಗಲ್ಲ. ದೂರು ಕೊಟ್ಟರೆ "ಲೈನ್ ಫಾಲ್ಟ್, ನೋಡ್ತೀವಿ" ಅಂತಾರೆ. ನಾವೇ ಏನು ಪರೀಕ್ಷೆ ಮಾಡಬಹುದು? ಪಂಚಾಯ್ತಿ ಕಟ್ಟಡಕ್ಕೆ ಸರ್ಕಾರದ ಭಾರತ್‌ನೆಟ್ ಫೈಬರ್ ಬಂದಿದೆ, ಅದರಿಂದ ಸಂಪರ್ಕ ತಗೊಂಡರೆ ಉಪಯೋಗ ಇದೆಯಾ?

ಸ್ಪ್ಲೈಸ್_ಮನೆ:
"ನೆಟ್ ಇಲ್ಲ" ಅನ್ನೋ ದೂರಿನಿಂದ ಯಾರಿಗೂ ಏನೂ ಗೊತ್ತಾಗೋದಿಲ್ಲ. ಅಂಕಿ ಬೇಕು. ನೆಟ್ ಇರುವಾಗಲೇ ಬ್ರೌಸರ್‌ನಲ್ಲಿ 192.168.1.1 ತೆರೆದು (ಕೆಲವು ಮಾದರಿಗಳಲ್ಲಿ ವಿಳಾಸ ಬೇರೆ, ಡಬ್ಬಿಯ ಕೆಳಗೆ ಬರೆದಿರುತ್ತೆ) ಸ್ಟೇಟಸ್ ಒಳಗೆ ಪಾನ್ ಅಥವಾ ಆಪ್ಟಿಕಲ್ ಅನ್ನೋ ಪುಟ ಹುಡುಕಿ. ಅಲ್ಲಿರುವ ಆರ್‌ಎಕ್ಸ್ ಪವರ್ (ಡಬ್ಬಿಗೆ ತಲುಪುವ ಬೆಳಕಿನ ಬಲ) ಬರೆದಿಟ್ಟುಕೊಳ್ಳಿ. ಅದರ ಅಳತೆ ಡಿಬಿಎಂ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಸಾಮಾನ್ಯ ಜಿಪಾನ್ (ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಥರದ ಫೈಬರ್) ಡಬ್ಬಿಗಳು -27 ಡಿಬಿಎಂ ತನಕ ಹಿಡಿಯುತ್ತವೆ, ಅದಕ್ಕಿಂತ ಕೆಳಗೆ ಹೋದರೆ ಬಿಟ್ಟುಬಿಡುತ್ತವೆ.

ನಿಮ್ಮ ಲೈನಿಗೆ ಲೆಕ್ಕ ಹಾಕೋಣ. ಓಎಲ್‌ಟಿಯಿಂದ ಹೊರಡೋದು ಸುಮಾರು +3 ಡಿಬಿಎಂ. 12 ಕಿ.ಮೀ.ಗೆ ಕಿ.ಮೀ.ಗೆ 0.3ರಂತೆ 3.6 ಡಿಬಿ (ನಷ್ಟದ ಅಳತೆ) ಹೋಯ್ತು. 1:4 ಸ್ಪ್ಲಿಟರ್‌ಗೆ 7 ಚಿಲ್ಲರೆ, 1:8ಕ್ಕೆ ಹತ್ತೂವರೆ. ಕನೆಕ್ಟರ್, ಜೋಡಣೆ ಎಲ್ಲ ಸೇರಿ 2. ಮನೆಗೆ ಸುಮಾರು -20 ಬರಬೇಕು, ಅಂದರೆ -27ರ ಮಿತಿಗೆ ಇನ್ನೂ 7 ಡಿಬಿ ಕೈಯಲ್ಲಿ ಉಳಿಯಬೇಕು. ಬಿಸಿಲಲ್ಲೇ -25 ತೋರಿಸ್ತಿದ್ದರೆ ಉಳಿದಿರೋದು ಬರೀ 2. ಜಾಯಿಂಟ್ ಪೆಟ್ಟಿಗೆಗೆ ನೀರಿಳಿದರೆ, ಇಲ್ಲಾ ಗಾಳಿಗೆ ಕೊಂಬೆ ಕೇಬಲನ್ನು ಬಗ್ಗಿಸಿ ಹಿಡಿದರೆ ಅದೂ ಹೋಗುತ್ತೆ. ನಿಮ್ಮದು ಮಳೆಗಾಲದಲ್ಲಿ ಹುಟ್ಟಿದ ದೋಷ ಅಂತ ನನಗನಿಸೋದಿಲ್ಲ, ಬೇಸಿಗೆಯಲ್ಲೂ ಇದ್ದದ್ದೇ ಮಳೆಗೆ ಹೊರಗೆ ಬಿತ್ತು.

ಒಬ್ಬರ ಮನೆಯದ್ದಲ್ಲ, ಪ್ರತಿ ಪೆಟ್ಟಿಗೆಯಿಂದ ಎರಡೆರಡು ಮನೆಯ ಅಂಕಿ ತಗೊಳ್ಳಿ. ಒಂದೇ ಮನೆ ಕೆಟ್ಟಿದ್ದರೆ ಆ ಮನೆಯ ಡ್ರಾಪ್ ಕೇಬಲ್ (ಪೆಟ್ಟಿಗೆಯಿಂದ ಮನೆಗೆ ಬರುವ ಕೇಬಲ್) ಅಥವಾ ಕನೆಕ್ಟರ್. ಒಂದು ಪೆಟ್ಟಿಗೆಯ ಮನೆಗಳೆಲ್ಲ ಕೆಟ್ಟಿದ್ದರೆ ಆ ಪೆಟ್ಟಿಗೆಗೆ ಬರುವ ಎಳೆ. ಎಲ್ಲರದ್ದೂ ಕೆಟ್ಟಿದ್ದರೆ 1:4ಕ್ಕಿಂತ ಹಿಂದೆ.

ಬಿಡಿಸಿದ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಬೆಳಕು ಕಾಣಿಸೋದಿಲ್ಲ, ಆದರೆ ಇರುತ್ತೆ.

ಹನ್ನೆರಡು_ವೋಲ್ಟ್:
ಕರೆಂಟನ್ನೂ ಲೆಕ್ಕಕ್ಕೆ ತಗೊಳ್ಳಿ. ಮಲೆನಾಡಲ್ಲಿ ಮಳೆ ಮತ್ತು ಕರೆಂಟು ಹೋಗೋದು ಒಟ್ಟೊಟ್ಟಿಗೇ, ಹಾಗಾಗಿ ಎರಡರ ತಪ್ಪೂ ಒಂದೇ ಥರ ಕಾಣುತ್ತೆ. ನಿಮ್ಮ ಡಬ್ಬಿಯನ್ನು 12 ವೋಲ್ಟಿನ ಮಿನಿ ಯುಪಿಎಸ್ ಮೇಲೆ ಇಡಿ. 8,800 ಎಂಎಎಚ್‌ನದ್ದು ಸುಮಾರು ಮೂರು ಗಂಟೆ ಬರುತ್ತೆ. ಕರೆಂಟು ಹೋದ ತಕ್ಷಣ ಎಲ್‌ಓಎಸ್ ಕೆಂಪಾದರೆ ಓಎಲ್‌ಟಿಗೆ ಬ್ಯಾಟರಿಯೇ ಇಲ್ಲ. ದಿನಾ ಒಂದೂವರೆ ಗಂಟೆ, ಎರಡು ಗಂಟೆ ಬಿಟ್ಟು ಕೆಂಪಾದರೆ ಬ್ಯಾಟರಿ ಹಳೆಯದಾಗಿದೆ. ಕರೆಂಟು ಇದ್ದೂ ಬರೀ ಗಾಳಿಮಳೆಗೆ ಕೆಂಪಾದರೆ ಆಗ ಕೇಬಲ್. ಸ್ಪ್ಲಿಟರ್‌ಗೆ ಕರೆಂಟು ಬೇಕಿಲ್ಲ, ಅದನ್ನು ದೂರಬೇಡಿ. ಎಲ್‌ಓಎಸ್ ಆರಿದ್ದು, ಪಾನ್ ದೀಪ (ಓಎಲ್‌ಟಿ ಜೊತೆ ಸಂಪರ್ಕ ಇದೆ ಅಂತ ತೋರಿಸೋದು) ಮಿನುಗದೆ ಹಸಿರಾಗಿದ್ದೂ ನೆಟ್ ಇಲ್ಲ ಅಂದರೆ ಫೈಬರ್ ಸರಿ ಇದೆ, ತೊಂದರೆ ಲಾಗಿನ್‌ನಲ್ಲಿ ಅಥವಾ ಓಎಲ್‌ಟಿಯ ಹಿಂದಿನ ಲೈನಲ್ಲಿ.

ಸಿಡಿಲಿನ ಬಗ್ಗೆ: ಗಾಜಿನ ಎಳೆಯಲ್ಲಿ ಕರೆಂಟು ಹರಿಯೋದಿಲ್ಲ, ಆದರೆ ಡ್ರಾಪ್ ಕೇಬಲ್ ಜೊತೆ ಬರುವ ಉಕ್ಕಿನ ತಂತಿಯಲ್ಲಿ ಹರಿಯುತ್ತೆ. ಆ ತಂತಿಯನ್ನು ಮಾಡಿನ ಹೊರಗೇ ಕೊಕ್ಕೆಗೆ ಬಿಗಿದು ಕತ್ತರಿಸಿ, ಫೈಬರ್ ಮಾತ್ರ ಒಳಗೆ ತರಬೇಕು. ಬಹಳ ಮನೆಗಳಲ್ಲಿ ತಂತಿ ಸಮೇತ ಒಳಗೆ ತಂದಿರ್ತಾರೆ, ಇದು ಅಪಾಯ.

ಕಟ್ಟೆಪುರಾಣ:
ಭಾರತ್‌ನೆಟ್ ವಿಚಾರ. 2011ರಲ್ಲಿ ಬೇರೆ ಹೆಸರಲ್ಲಿ ಒಪ್ಪಿಗೆಯಾದ ಯೋಜನೆ ಇದು. ಮೊದಲ ಹಂತದ ವಿನ್ಯಾಸ ಗೆರೆ ಎಳೆದ ಹಾಗೆ: ತಾಲೂಕು ಕೇಂದ್ರದಿಂದ ಹೊರಟ ಒಂದೇ ದಾರಿ. ನಡುವೆ ಜೆಸಿಬಿ ಒಂದು ಕಡೆ ಕಡಿದರೆ ಮುಂದಿನ ಪಂಚಾಯ್ತಿಗಳೆಲ್ಲ ಕತ್ತಲು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು, ಅದರಲ್ಲಿ ಉಂಗುರ ವಿನ್ಯಾಸ ಇದೆ. ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಬರುತ್ತೆ.

ನೀವು ಕೇಳಬೇಕಾದ ಪ್ರಶ್ನೆ ಒಂದೇ. ಪಂಚಾಯ್ತಿಗೆ ಬಂದ ಕೇಬಲ್ ಯಾವ ರಸ್ತೆ ಹಿಡಿದಿದೆ? ನಿಮ್ಮ ಕೇಬಲ್ ಇರುವ ಕಂಬಗಳ ಮೇಲೇ ಅದೂ ಇದ್ದರೆ ಎರಡೂ ಒಂದೇ ದಿನ ಹೋಗುತ್ತವೆ, ದುಡ್ಡು ದಂಡ. ಬೇರೆ ದಾರಿಯಾದರೆ ನ್ಯಾಯಬೆಲೆ ಅಂಗಡಿಗಾದರೂ ಅದರಿಂದ ಸಂಪರ್ಕ ಕೊಡಿಸಿ. ಅಕ್ಕಿಗೆ ಬಂದವರು ವಾಪಸ್ ಹೋಗೋದು ತಪ್ಪಬೇಕು. ಆಂಬುಲೆನ್ಸ್‌ಗೂ ಆ ಒಂದು ಜಾಗದಲ್ಲಾದರೂ ವೈಫೈ ಕರೆ ಸಿಗುತ್ತೆ. ರಸ್ತೆ ಅಗೆಯುವ ಗುತ್ತಿಗೆದಾರರು ಅಗೆಯೋ ಮುಂಚೆ ತಿಳಿಸೋಕೆ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ 2023ರಿಂದ ಇದೆ, ಪಿಡಿಓ ಮೂಲಕ ಅದನ್ನು ಒತ್ತಾಯ ಮಾಡಿ.

ದೂರಿಗೆ ಡಾಕೆಟ್ ಸಂಖ್ಯೆ (ದೂರಿನ ಗುರುತು ಸಂಖ್ಯೆ) ತಗೊಳ್ಳದೆ ಫೋನ್ ಇಡಬೇಡಿ. ಗಡುವಿನೊಳಗೆ ಸರಿಯಾಗದಿದ್ದರೆ 30 ದಿನದೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹಾಕಿ. ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಆಗಬೇಕು.

ಹಳ್ಳದಾಚೆ:
ಅಂಕಿ ತಗೊಂಡೆವು. ಮೂರು ಪೆಟ್ಟಿಗೆಯ ಮನೆಗಳಲ್ಲಿ -20ರಿಂದ -21. ಹಳ್ಳದಾಚೆಯ ಪೆಟ್ಟಿಗೆಯ ಎರಡೂ ಮನೆಗಳಲ್ಲಿ -26.

ಸ್ಪ್ಲೈಸ್_ಮನೆ:
ಹಾಗಾದರೆ 1:4ರಿಂದ ಆ ಪೆಟ್ಟಿಗೆಗೆ ಬರುವ ಎಳೆಯಲ್ಲಿ 5-6 ಡಿಬಿ ಸೋರುತ್ತಿದೆ. ಮೊದಲು ಪೆಟ್ಟಿಗೆಯ ಇನ್‌ಪುಟ್ ಕನೆಕ್ಟರ್ ನೋಡಿಸಿ. ಒಂದು ಕಡೆ ಹಸಿರು, ಇನ್ನೊಂದು ಕಡೆ ನೀಲಿ ಕನೆಕ್ಟರ್ ಸೇರಿಸಿದ್ದರೆ (ಎರಡರ ತುದಿಯ ಆಕಾರ ಬೇರೆ) ಅಷ್ಟಕ್ಕೇ ಇಷ್ಟು ನಷ್ಟ ಆಗಬಹುದು. ಎರಡೂ ಹಸಿರಿದ್ದರೆ ಹಳ್ಳದ ಸಂಕದ ಬಳಿಯ ಜಾಯಿಂಟ್ ತೆಗೆಸಿ. ಕೈಯಲ್ಲಿ ಒತ್ತಿ ಕೂರಿಸಿದ ಜೋಡಣೆ ಇದ್ದರೆ ಫ್ಯೂಷನ್ ಸ್ಪ್ಲೈಸ್ (ಎಳೆಗಳನ್ನು ಕಾಯಿಸಿ ಬೆಸೆಯೋದು) ಮಾಡಿಸಿ, ಪೆಟ್ಟಿಗೆಯ ಕೇಬಲ್ ತೂತು ಕೆಳಮುಖವಾಗಿರಲಿ. ಕೆಲಸ ಮುಗಿಸಿದವರು ಹೊರಡೋ ಮುಂಚೆ ಅದೇ ಎರಡು ಮನೆಯಲ್ಲಿ ಅಂಕಿ ನೋಡಿ. -21 ಬರದಿದ್ದರೆ ಸಹಿ ಹಾಕಬೇಡಿ.