ಚೈನ್‌ಲ್ಯಾಡರ್ ಪೈಥಾನ್: ಮೋಟಾರ್ ಥರ್ಡ್ ಪಾರ್ಟಿ ಐಬಿಎನ್‌ಆರ್ ಎಕ್ಸೆಲ್‌ಗೆ ತಾಳೆ ಆಗುತ್ತಿಲ್ಲ, ಅರ್ಜೆಂಟ್

ರಿಸರ್ವ್_ರಾತ್ರಿಪಾಳಿ
ಕ್ಲೇಮುಗಳಿಗೆ ವಿಮಾ ಕಂಪನಿ ತೆಗೆದಿಡಬೇಕಾದ ಹಣದ, ಅಂದರೆ ರಿಸರ್ವ್ ಲೆಕ್ಕವನ್ನು ಎಕ್ಸೆಲ್‌ನಿಂದ ಪೈಥಾನ್‌ನ ಚೈನ್‌ಲ್ಯಾಡರ್ ಪ್ಯಾಕೇಜಿಗೆ ತರುತ್ತಿದ್ದೇನೆ. ಕ್ಲೇಮ್ ಡೇಟಾ ಎಳೆಯುವುದು, ತ್ರಿಕೋನ (ಸಾಲಿನಲ್ಲಿ ಅಪಘಾತದ ವರ್ಷ, ಕಾಲಂನಲ್ಲಿ ಆ ವರ್ಷದ ವಯಸ್ಸು ಇರುವ ಪಟ್ಟಿ) ಕಟ್ಟುವುದು, ಫ್ಯಾಕ್ಟರ್ (ಒಂದು ವಯಸ್ಸಿನಿಂದ ಮುಂದಿನದಕ್ಕೆ ಕ್ಲೇಮು ಎಷ್ಟು ಪಟ್ಟು ಬೆಳೆಯುತ್ತದೆ), ಐಬಿಎನ್‌ಆರ್ (ಆಗಿದ್ದರೂ ಇನ್ನೂ ಪೂರ್ತಿ ವರದಿಯಾಗದ ಕ್ಲೇಮುಗಳ ಅಂದಾಜು), ಎಲ್ಲ ಒಂದೇ ಪೈಪ್‌ಲೈನ್. ಎರರ್ ಏನೂ ಬರುವುದಿಲ್ಲ, ಉತ್ತರ ಮಾತ್ರ ತಪ್ಪು. ಹಳೆಯ ವರ್ಷಗಳು ಎಕ್ಸೆಲ್‌ಗೆ ಹತ್ತಿರ ಇವೆ. ಕೊನೆಯ ವರ್ಷದ ಐಬಿಎನ್‌ಆರ್ ಹುಚ್ಚಾಪಟ್ಟೆ ಬರುತ್ತಿದೆ. ಮೊದಲ ಫ್ಯಾಕ್ಟರ್ ಎಕ್ಸೆಲ್‌ನಲ್ಲಿ 1.6, ಇಲ್ಲಿ 7ಕ್ಕಿಂತ ಜಾಸ್ತಿ. ಅದೇ ಡೇಟಾ! ಆಡಿಟರು ಬಂದು ಕೂತಿದ್ದಾರೆ, ಆಕ್ಚುರಿ (ವಿಮಾ ಲೆಕ್ಕತಜ್ಞರು) ಸಹಿ ಹಾಕಬೇಕು. ಪ್ಯಾಕೇಜಿನಲ್ಲೇ ಬಗ್ ಇದೆಯಾ?

ಉಡುಪಿ_ಆರ್
ಬಗ್ ಅನ್ನುವ ಮೊದಲು ಒಂದು ಪರೀಕ್ಷೆ ಮಾಡಿ. ಪ್ಯಾಕೇಜಿನ ಜೊತೆಗೇ ಆರ್‌ಎಎ ಅನ್ನುವ ಮಾದರಿ ತ್ರಿಕೋನ ಬರುತ್ತದೆ. ಟೇಲ್ (ತ್ರಿಕೋನದ ಆಚೆಗಿನ ಬೆಳವಣಿಗೆಯ ಫ್ಯಾಕ್ಟರ್) ಏನೂ ಹಾಕದೆ ಓಡಿಸಿ. ಒಟ್ಟು ಐಬಿಎನ್‌ಆರ್ 52,135 ಬಂದರೆ ಪ್ಯಾಕೇಜ್ ಸರಿ ಇದೆ. ಆರ್ ಭಾಷೆಯ ಚೈನ್‌ಲ್ಯಾಡರ್‌ನಲ್ಲೂ ಅದೇ ಸಂಖ್ಯೆ ಬರುತ್ತದೆ.

ರಿಸರ್ವ್_ರಾತ್ರಿಪಾಳಿ
52,135 ಸರಿಯಾಗಿ ಬಂತು. ಹಾಗಾದರೆ ನನ್ನ ಡೇಟಾಗೆ ಏನಾಗಿದೆ?

ದಿನಾಂಕ_ನೋಡಿ
ದಿನಾಂಕ. ನೂರಕ್ಕೆ ನೂರು ದಿನಾಂಕ. 03-04-2023 ಅಂದರೆ ನಮಗೆ ಏಪ್ರಿಲ್ 3, ಪೈಥಾನ್‌ನಲ್ಲಿ ಡೇಟಾ ಓದುವ ಪಾಂಡಾಸ್‌ಗೆ ಮಾರ್ಚ್ 4. ಓದುವಾಗ ‘ಡೇಫಸ್ಟ್’ ಟ್ರೂ ಮಾಡಿ.

ಎಕ್ಸೆಲ್_ಅಕ್ಕ
ಇಂಕ್ರಿಮೆಂಟಲ್ (ಆಯಾ ಅವಧಿಯದು ಮಾತ್ರ) ಡೇಟಾ ಕೊಟ್ಟು ಕ್ಯುಮುಲೇಟಿವ್ (ಅಲ್ಲಿಯವರೆಗಿನ ಒಟ್ಟು) ಅಂತ ಹೇಳಿದ್ದೀರಾ? ಅದನ್ನೂ ನೋಡಿ.

ರಿಸರ್ವ್_ರಾತ್ರಿಪಾಳಿ
ಕ್ಯುಮುಲೇಟಿವ್ ಮಾಡಿಯೇ ಕೊಟ್ಟಿದ್ದೇನೆ. ದಿನಾಂಕ ಡೇಟಾಬೇಸ್‌ನಿಂದ ನೇರ ಬರುತ್ತದೆ, ವರ್ಷ-ತಿಂಗಳು-ದಿನ ಅನ್ನುವ ಕ್ರಮದಲ್ಲಿ.

ದಿನಾಂಕ_ನೋಡಿ
ನಡುವೆ ಎಲ್ಲಾದರೂ ಸಿಎಸ್‌ವಿ ಇದೆಯಾ? ಯಾರಾದರೂ ಅದನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಸಾಕು, ಅರ್ಧ ದಿನಾಂಕ ತಿರುಗಿರುತ್ತವೆ. ಅಪಘಾತದ ದಿನಾಂಕ, ವರದಿಯಾದ ದಿನಾಂಕ ಎರಡನ್ನೂ ತಿಂಗಳುವಾರು ಎಣಿಸಿ ಹಾಕಿ.

ಎಕ್ಸೆಲ್_ಅಕ್ಕ
ಎಲ್ಲದಕ್ಕೂ ಎಕ್ಸೆಲ್ ಮೇಲೆ ಯಾಕೆ ಹಾಕುತ್ತೀರಿ? ಇಲ್ಲಿ ಸರಿಯಾದ ಉತ್ತರ ಕೊಟ್ಟಿದ್ದೇ ಎಕ್ಸೆಲ್. ಪ್ರತಿ ಫ್ಯಾಕ್ಟರ್ ಕಣ್ಣಿಗೆ ಕಾಣುತ್ತದೆ. ಕೆಂಪು ಬಣ್ಣ ಹಾಕಿ ಪಕ್ಕದಲ್ಲಿ ಕಾರಣ ಬರೆದಿಡಬಹುದು.

ಸರ್ವರ್_ಸಂಜೆ
ಕಾರಣ ಬರೆಯಲು, ಕೋಡ್ ಬದಲಾವಣೆ ದಾಖಲಿಸುವ ಗಿಟ್ ಇದೆಯಲ್ಲ. ನಮ್ಮಲ್ಲಿ ಪೂರ್ತಿ ಏರ್‌ಫ್ಲೋ (ಕೆಲಸಗಳನ್ನು ಸಮಯಕ್ಕೆ ತಾನಾಗಿ ಓಡಿಸುವ ಸಾಫ್ಟ್‌ವೇರ್) ಮೇಲೆ. ತಿಂಗಳು ಮುಗಿದ ರಾತ್ರಿ ಕ್ಲೇಮ್ ಡೇಟಾ ತಾನಾಗಿ ಇಳಿಯುತ್ತದೆ. ಬೆಳಿಗ್ಗೆ ಎಲ್ಲ ಬಗೆಯ ವಿಮೆಗಳ ತ್ರಿಕೋನ, ಫ್ಯಾಕ್ಟರ್, ಹಿಂದಿನ ತಿಂಗಳಿಗಿಂತ ಎಷ್ಟು ಬದಲಾಯಿತು ಅನ್ನುವುದು ಡ್ಯಾಶ್‌ಬೋರ್ಡ್‌ನಲ್ಲಿ ಸಿದ್ಧ. 64 ಜಿಬಿ ಮೆಷಿನ್. ಬೂಟ್‌ಸ್ಟ್ರ್ಯಾಪ್ (ಡೇಟಾದಿಂದ ಮತ್ತೆ ಮತ್ತೆ ಮಾದರಿ ತೆಗೆದು ಅಂದಾಜಿನ ಏರಿಳಿತ ಅಳೆಯುವುದು) ಕೂಡ ಅದರಲ್ಲೇ ಓಡುತ್ತದೆ.

ಉಡುಪಿ_ಆರ್
ಬೂಟ್‌ಸ್ಟ್ರ್ಯಾಪ್‌ಗೆ 64 ಜಿಬಿ ಯಾಕೆ ಬೇಕು? ಆರ್‌ನಲ್ಲಿ ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಮಳೆನಾಡು_ಮ್ಯಾಕ್
ವಿಷಯಕ್ಕೆ ಬರೋಣ. ರಾತ್ರಿಪಾಳಿಯವರೇ, ತ್ರಿಕೋನ ಪ್ರಿಂಟ್ ಮಾಡಿದರೆ ಮೇಲಿನ ಸಾಲಿನಲ್ಲಿ ಎಷ್ಟು ತಿಂಗಳ ವಯಸ್ಸು ಕಾಣುತ್ತದೆ? 12, 24, 36 ಅಂತ ಇದೆಯಾ?

ರಿಸರ್ವ್_ರಾತ್ರಿಪಾಳಿ
ಇಲ್ಲ. 3, 15, 27, 39 ಅಂತ ಇದೆ. ಡೇಟಾ ತಿಂಗಳುವಾರು, ಅದನ್ನು ಪ್ಯಾಕೇಜಿನ ‘ಗ್ರೇನ್’ ಆಜ್ಞೆ ಹಾಕಿ ವರ್ಷಕ್ಕೆ ತಂದಿದ್ದೇನೆ. ಅದು ಬರೀ ಲೇಬಲ್ ಅಲ್ವಾ?

ಮಳೆನಾಡು_ಮ್ಯಾಕ್
ಲೇಬಲ್ ಅಲ್ಲ, ಸಮಸ್ಯೆ ಅದೇ. ನಿಮ್ಮ ಎಕ್ಸೆಲ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ್ದು. ಲೆಕ್ಕದ ದಿನಾಂಕ ಮಾರ್ಚ್ 31. ಆದರೆ ‘ಗ್ರೇನ್’ಗೆ ಬೇರೇನೂ ಹೇಳದಿದ್ದರೆ ಅದು ವರ್ಷವನ್ನು ಜನವರಿಯಿಂದ ಡಿಸೆಂಬರ್‌ಗೆ ಕಟ್ಟುತ್ತದೆ. ಹಾಗಾಗಿ ಕೊನೆಯ ಸಾಲಿನಲ್ಲಿ ಇರುವುದು ಜನವರಿಯಿಂದ ಮಾರ್ಚ್‌ವರೆಗಿನ ಅಪಘಾತ ಮಾತ್ರ. ವಯಸ್ಸು 3 ತಿಂಗಳು.

3ರಿಂದ 15ಕ್ಕೆ ಹೋಗುವ ಫ್ಯಾಕ್ಟರ್ ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ. ಆಗಿರುವ ಅಪಘಾತದ ಕ್ಲೇಮು ಬೆಳೆಯುವುದು ಒಂದು. ಉಳಿದ 9 ತಿಂಗಳ ಅಪಘಾತ ಸೇರುವುದು ಇನ್ನೊಂದು. ಅಂದರೆ ಮುಂದಿನ ಡಿಸೆಂಬರ್‌ವರೆಗೆ ಇನ್ನೂ ಆಗಿಯೇ ಇಲ್ಲದ ಅಪಘಾತಕ್ಕೂ ನೀವು ಈಗಲೇ ಐಬಿಎನ್‌ಆರ್ ಇಡುತ್ತಿದ್ದೀರಿ. ಆ ಭಾಗ ಪ್ರೀಮಿಯಂ ಕಡೆಯ ರಿಸರ್ವ್‌ಗೆ ಸೇರಿದ್ದು. ಇಲ್ಲಿ ಬರಲೇಬಾರದು.

‘ಗ್ರೇನ್’ ಕರೆಯುವಾಗ ‘ಟ್ರೇಲಿಂಗ್’ ಟ್ರೂ ಮಾಡಿ. ಆಗ ವರ್ಷದ ಕೊನೆ ಡೇಟಾದ ಕೊನೆಯ ತಿಂಗಳಿಗೆ, ಅಂದರೆ ಮಾರ್ಚ್‌ಗೆ ಕೂರುತ್ತದೆ.

ದಿನಾಂಕ_ನೋಡಿ
ಸರಿ, ಆದರೂ ದಿನಾಂಕ ಎಣಿಸಿ ನೋಡುವುದನ್ನು ಬಿಡಬೇಡಿ.

ರಿಸರ್ವ್_ರಾತ್ರಿಪಾಳಿ
12, 24, 36 ಬಂತು! ಮೊದಲ ಫ್ಯಾಕ್ಟರ್ 1.6. ತುಂಬಾ ಥ್ಯಾಂಕ್ಸ್ ಸರ್. ಒಟ್ಟು ಮೊತ್ತದಲ್ಲಿ ಇನ್ನೂ ಸ್ವಲ್ಪ ವ್ಯತ್ಯಾಸ ಇದೆ.

ಎಕ್ಸೆಲ್_ಅಕ್ಕ
ನಿಮ್ಮ ಶೀಟಿನಲ್ಲಿ ಸರಾಸರಿ ಯಾವುದು? ಪ್ಯಾಕೇಜ್ ತಾನಾಗಿ ಎಲ್ಲ ವರ್ಷಗಳ ವಾಲ್ಯೂಮ್ ಸರಾಸರಿ (ದೊಡ್ಡ ಮೊತ್ತದ ವರ್ಷಕ್ಕೆ ಹೆಚ್ಚು ತೂಕ) ತೆಗೆದುಕೊಳ್ಳುತ್ತದೆ. ಶೀಟಿನಲ್ಲಿ ಕೊನೆಯ 5 ವರ್ಷ ಮಾತ್ರ ಇಟ್ಟಿದ್ದರೆ ಫ್ಯಾಕ್ಟರ್ ಲೆಕ್ಕ ಹಾಕುವ ‘ಡೆವಲಪ್‌ಮೆಂಟ್‌’ಗೂ ಅದನ್ನೇ ಹೇಳಬೇಕು. ಟೇಲ್ ಕೂಡ ನೋಡಿ. ಥರ್ಡ್ ಪಾರ್ಟಿಗೆ ಶೀಟಿನಲ್ಲಿ ಯಾರೋ ಕೈಯಿಂದ ಟೇಲ್ ಹಾಕಿರುತ್ತಾರೆ.

ರಿಸರ್ವ್_ರಾತ್ರಿಪಾಳಿ
ಹೌದು, 5 ವರ್ಷ. ಟೇಲ್ ಕೂಡ ಕೊನೆಯ ಕಾಲಂನಲ್ಲಿ ಇದೆ. ಹಾಕಿ ನೋಡುತ್ತೇನೆ.

ಉಡುಪಿ_ಆರ್
ತಾಳೆ ಆದ ಮಾತ್ರಕ್ಕೆ ಫ್ಯಾಕ್ಟರ್ ಸರಿ ಅಂದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪಘಾತ ಪರಿಹಾರದ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲು ಅಪಘಾತದಿಂದ 6 ತಿಂಗಳ ಗಡುವು ಇದೆ. ಅದು ಜಾರಿಗೆ ಬಂದಿದ್ದು 2022ರ ಏಪ್ರಿಲ್ 1ಕ್ಕೆ. ಅದಕ್ಕೆ ಮುಂಚೆ, 1994ರ ತಿದ್ದುಪಡಿಯಿಂದ, ಗಡುವೇ ಇರಲಿಲ್ಲ. ಎರಡೂ ಕಾಲದ ಡೇಟಾ ಕಲಸಿ ಒಂದೇ ಸರಾಸರಿ ತೆಗೆದರೆ ಹೊಸ ವರ್ಷಗಳಿಗೆ ಹಳೆಯ ವಿಳಂಬ ಅಂಟಿಕೊಳ್ಳುತ್ತದೆ. ಅದರ ಮೇಲೆ 2020-21ರ ಲಾಕ್‌ಡೌನ್ ಬೇರೆ. ರಸ್ತೆಯಲ್ಲಿ ವಾಹನ ಕಡಿಮೆ, ಕೋರ್ಟ್ ಕೆಲಸವೂ ನಿಧಾನ.

ಸರ್ವರ್_ಸಂಜೆ
ಹಾಗಂತ 2022ರ ಹಿಂದಿನದೆಲ್ಲ ತೆಗೆದರೆ ತ್ರಿಕೋನದಲ್ಲಿ ಉಳಿಯುವುದು ಏನು? ಥರ್ಡ್ ಪಾರ್ಟಿ ಕ್ಲೇಮು ಮುಗಿಯಲು ವರ್ಷಗಟ್ಟಲೆ ಬೇಕು. 6 ತಿಂಗಳ ಗಡುವಿನ ಬಗ್ಗೆ ಕೋರ್ಟಿನಲ್ಲೂ ತಕರಾರು ಇದೆ.

ಉಡುಪಿ_ಆರ್
ತೆಗೆಯಿರಿ ಅಂದಿಲ್ಲ. ವರದಿಯಾದ ಕ್ಲೇಮುಗಳ ಸಂಖ್ಯೆಯ ತ್ರಿಕೋನ ಬೇರೆ ಮಾಡಿ, ವೇಗ ಬದಲಾಗಿದೆಯಾ ನೋಡಿ ಅಂತ ಹೇಳುತ್ತಿದ್ದೇನೆ. ಮೊತ್ತದ ತ್ರಿಕೋನದಲ್ಲಿ ಇದು ಮುಚ್ಚಿಹೋಗುತ್ತದೆ.

ಮಳೆನಾಡು_ಮ್ಯಾಕ್
ಸಂಖ್ಯೆಯ ತ್ರಿಕೋನ ಒಳ್ಳೆಯ ದಾರಿ. ಕೊನೆಯ ಒಂದೆರಡು ವರ್ಷಕ್ಕೆ ನಾನಾದರೆ ಬರೀ ಚೈನ್ ಲ್ಯಾಡರ್ ನಂಬುವುದಿಲ್ಲ, ಪ್ರೀಮಿಯಂನಿಂದ ನಿರೀಕ್ಷಿಸುವ ನಷ್ಟವನ್ನೂ ಸೇರಿಸುವ ಬೋರ್ನ್‌ಹ್ಯೂಟರ್-ಫರ್ಗ್ಯುಸನ್ ಬಳಸುತ್ತೇನೆ. 1972ರ ವಿಧಾನ, ಇಂಥ ಕಡೆ ಇವತ್ತಿಗೂ ಗಟ್ಟಿ. ರಾತ್ರಿಪಾಳಿಯವರೇ, ಅದಕ್ಕೆ ಗಳಿಸಿದ ಪ್ರೀಮಿಯಂ (ಪಾಲಿಸಿಯ ಕಳೆದ ಅವಧಿಗೆ ಸೇರಿದ ಪಾಲು) ‘ಸ್ಯಾಂಪಲ್ ವೇಟ್’ ಆಗಿ ಕೊಡಬೇಕು. ಆ ಪ್ರೀಮಿಯಂ ತ್ರಿಕೋನಕ್ಕೂ ‘ಟ್ರೇಲಿಂಗ್’ ಹಾಕಿ. ಕ್ಲೇಮು ಮಾರ್ಚ್‌ಗೆ, ಪ್ರೀಮಿಯಂ ಡಿಸೆಂಬರ್‌ಗೆ ನಿಂತರೆ ಮತ್ತೆ ಇದೇ ಗೋಳು. ಪೈಪ್‌ಲೈನ್‌ನಲ್ಲೇ ಒಂದು ತಪಾಸಣೆ ಇಡಿ: ವರ್ಷಾಂತ್ಯದ ಲೆಕ್ಕದಲ್ಲಿ ಮೊದಲ ವಯಸ್ಸು 12 ಅಲ್ಲದಿದ್ದರೆ ಅಲ್ಲೇ ನಿಲ್ಲಬೇಕು.

ರಿಸರ್ವ್_ರಾತ್ರಿಪಾಳಿ
ತಪಾಸಣೆ ಹಾಕಿದೆ. ಪ್ರೀಮಿಯಂ ನಮ್ಮಲ್ಲಿ ಪಾಲಿಸಿ ಶುರುವಾದ ತಿಂಗಳಿಗೆ ಮಾತ್ರ ಇದೆ, ಗಳಿಸಿದ್ದು ತಿಂಗಳುವಾರು ಸಿಗುವುದಿಲ್ಲ. ಹೊಸ ಕಾರಿಗೆ 3 ವರ್ಷದ, ದ್ವಿಚಕ್ರಕ್ಕೆ 5 ವರ್ಷದ ಥರ್ಡ್ ಪಾರ್ಟಿ ಪಾಲಿಸಿಗಳನ್ನು ತಿಂಗಳಿಗೆ ಹಂಚುವ ಕೋಡ್ ಯಾರ ಹತ್ತಿರವಾದರೂ ಇದೆಯಾ?